ಮಾತು, ಧಾತು, ಶಾರೀರ: ಜನಪ್ರಿಯಗೀತೆಯ ಕರ್ತೃತ್ವವಿಚಾರ

ಹಾಡಿನ ಶಬ್ದಭಾಗಕ್ಕೆ ‘ಮಾತು’ ಎಂದೂ ಗೇಯಭಾಗಕ್ಕೆ ‘ಧಾತು’ ಎಂದೂ ಸಂಗೀತಶಾಸ್ತ್ರದಲ್ಲಿ ಪರಿಭಾಷೆಯುಂಟು. ಈ ಎರಡನ್ನೂ ತಾನೇ ನಿರ್ಮಿಸುವವನು ವಾಗ್ಗೇಯಕಾರನು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ‘ಸಂಗೀತರತ್ನಾಕರ’ದ ಪ್ರಕೀರ್ಣಕಾಧ್ಯಾಯದಲ್ಲಿ ಈತನ ಲಕ್ಷಣವನ್ನು ವಿಸ್ತಾರವಾಗಿ ಹೇಳಿರುವನು. ವ್ಯಾಕರಣ, ನಿಘಂಟು, ಛಂದಸ್ಸು, ಅಲಂಕಾರ, ರಸಭಾವಗಳ ಜ್ಞಾನ, ಲಯತಾಳಗಳ ಪರಿಚಯ, ಹೃದ್ಯವಾದ ಶಾರೀರ, ಹೊಸ ಧಾತುವನ್ನು ಕಟ್ಟುವ ಶಕ್ತಿ: ಇವೆಲ್ಲವೂ ಉತ್ತಮ ವಾಗ್ಗೇಯಕಾರನಲ್ಲಿ ಇರತಕ್ಕವು. ಈ ಪಟ್ಟಿಯ ನಡುವೆ ವಿದ್ಯೆಗೆ ಸೇರದೆ ಶೀಲಕ್ಕೆ ಸೇರಿದ ಕೆಲವು ಗುಣಗಳೂ ಬಂದಿವೆ. ರೋಷದ್ವೇಷಗಳ ಪರಿತ್ಯಾಗ, ಉಚಿತಜ್ಞತೆ, ಪರಚಿತ್ತಪರಿಜ್ಞಾನ ಎಂಬುವು ಅಂಥವು. ಹಾಡು ಕಟ್ಟುವವನಿಗೆ ಇತರರ ಮನಸ್ಸನ್ನು ಅರಿಯುವ ಶಕ್ತಿ ಏಕೆ ಬೇಕೆಂಬುದು ಮೇಲುನೋಟಕ್ಕೆ ತೋರುವುದಿಲ್ಲ. ಅದರ ಪ್ರಯೋಜನವು ಮುಂದೆ ಸ್ಪಷ್ಟವಾಗುವುದು.

ಶಾರ್ಙ್ಗದೇವನು ವಾಗ್ಗೇಯಕಾರರಲ್ಲಿ ತರತಮವನ್ನೂ ಹೇಳಿರುವನು. ಮಾತು ರಮ್ಯವಾಗಿದ್ದರೂ ಧಾತು ಮಂದವಾಗಿದ್ದರೆ ಅಂಥವನು ಅಧಮನೆಂದೇ ಅವನ ಮತ. ಮತ್ತೊಬ್ಬನ ಧಾತುವಿಗೆ ಮಾತನ್ನು ಹೊಂದಿಸುವವನಿಗೆ ‘ಕುಟ್ಟಿಕಾರ’ನೆಂಬ ಬೇರೆ ಹೆಸರನ್ನೇ ಕೊಟ್ಟಿರುವನು. ಒಬ್ಬನೇ ಎರಡನ್ನೂ ಮಾಡುವುದು ಆದರ್ಶವೆಂದೂ, ಕೆಲಸ ಹಂಚಿಹೋದಲ್ಲಿ ಪದವಿಯು ಇಳಿಯುವುದೆಂದೂ ಈ ವರ್ಗೀಕರಣದಿಂದ ಧ್ವನಿತವಾಗುತ್ತದೆ. ನಮ್ಮ ಹರಿದಾಸರೂ ತ್ಯಾಗರಾಜಾದಿಗಳೂ ಆ ಆದರ್ಶಕ್ಕೆ ನಿದರ್ಶನರಾದುದರಿಂದ ಪಂಡಿತವರ್ಗದಲ್ಲಿ ಈ ಅಭಿಪ್ರಾಯವು ಬೇರೂರಿ ನಿಂತಿದೆ.

ಆದರೆ ಕಳೆದ ನೂರು ವರ್ಷಗಳಲ್ಲಿ ಲೋಕದ ಬಾಯಲ್ಲಿ ನಿಂತ ಹಾಡುಗಳಲ್ಲಿ ಬಹುಪಾಲು ಹೀಗೆ ಹುಟ್ಟಿದವಲ್ಲ. ಒಬ್ಬನು ಮಾತನ್ನು ಬರೆದನು, ಮತ್ತೊಬ್ಬನು ಮಟ್ಟನ್ನು ಕಟ್ಟಿದನು, ಮೂರನೆಯವರು ಹಾಡಿದರು. ಹೀಗೆ ಮೂರು ಕೈಗಳಲ್ಲಿ ಆದ ಕೃತಿಯು ಒಂದೇ ಕೃತಿಯೆನಿಸುವುದು ಹೇಗೆ? ಅದರಲ್ಲಿ ಹಾಡುವವರ ಪಾಲು ಕೇವಲ ವಾಹಕತ್ವವೋ, ಕರ್ತೃತ್ವವೋ? ಈ ಪ್ರಶ್ನೆಗಳನ್ನು ಒಂದು ಪ್ರಸಿದ್ಧ ಉದಾಹರಣೆಯಿಂದ ಪರೀಕ್ಷಿಸುವುದು ಈ ಲೇಖನದ ಉದ್ದೇಶ. ಮೂವರ ಪಾಲೂ ಸ್ಪಷ್ಟವಾಗಿ ಬೇರ್ಪಟ್ಟಿರುವ, ಅವರು ಕೆಲಸಮಾಡಿದ ಕ್ರಮವು ಅವರವರ ಹೇಳಿಕೆಗಳಿಂದಲೇ ತಿಳಿದಿರುವ ಉದಾಹರಣೆ ಬೇಕಾದುದರಿಂದ, ಇಂಗ್ಲಿಷಿನಲ್ಲಿ ‘ಪಾಪ್’ ಎನಿಸಿಕೊಂಡ ಜನಪ್ರಿಯಗೀತೆಯ ಮುಖ್ಯ ಕ್ಷೇತ್ರವಾದ ಅಮೆರಿಕದಿಂದ ಅದನ್ನು ಆಯ್ದುಕೊಳ್ಳಲಾಗಿದೆ.

೧

ನ್ಯೂಯಾರ್ಕ್ ನಗರದ ಬ್ರಾಡ್‌ವೇ ಬೀದಿಯಲ್ಲಿ ೧೬೧೯ನೆಯ ಸಂಖ್ಯೆಯ ಬ್ರಿಲ್ ಕಟ್ಟಡವು ೧೯೫೦ ಮತ್ತು ೧೯೬೦ರ ದಶಕಗಳಲ್ಲಿ ಗೀತಪ್ರಕಾಶಕರ ನೆಲೆಯಾಗಿದ್ದಿತು. ಸಣ್ಣ ಕೊಠಡಿ, ಅದರಲ್ಲೊಂದು ಪಿಯಾನೋ, ಮಾತು ಬರೆಯುವವನೊಬ್ಬ, ಮಟ್ಟು ಕಟ್ಟುವವನೊಬ್ಬ: ಇಷ್ಟೇ ಅಲ್ಲಿಯ ಸಾಮಗ್ರಿ. ಅಲ್ಲಿ ಕಟ್ಟಿದ ಗೀತೆಯ ಆಕಾರವೂ ಸಣ್ಣದು. ಮರಳಿಮರಳಿ ಬರುವ ಪಲ್ಲವಿಯಂಥ ಭಾಗ, ಮಟ್ಟು ಒಂದೇ ಆಗಿ ಮಾತು ಬದಲಾಗುವ ಚರಣಗಳು, ನಡುವೆ ಬೇರೆ ಧಾಟಿಗೆ ಹೊರಳುವ ಒಂದು ಖಂಡ. ಎಲ್ಲವೂ ಸೇರಿ ಸುಮಾರು ಮೂರು ನಿಮಿಷ. ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುವಷ್ಟರಲ್ಲಿ ಹೇಳಬೇಕಾದುದೆಲ್ಲ ಮುಗಿಯಬೇಕು.

ಈ ಕಟ್ಟಡದಲ್ಲಿ ೧೯೫೦ರ ದಶಕದ ಉತ್ತರಾರ್ಧದಲ್ಲಿ ಹಾಲ್ ಡೇವಿಡ್ (೧೯೨೧–೨೦೧೨) ಮತ್ತು ಬರ್ಟ್ ಬಾಖರಾಖ್ (೧೯೨೮–೨೦೨೩) ಜೊತೆಗೂಡಿದರು. ಡೇವಿಡ್ ಮಾತುಕಾರ, ಬಾಖರಾಖ್ ಧಾತುಕಾರ. ಬಾಖರಾಖ್ ಫ್ರಾನ್ಸಿನ ಪ್ರಸಿದ್ಧ ಸಂಗೀತಕರ್ತೃವಾದ ದಾರಿಯುಸ್ ಮಿಯೋ ಎಂಬವರಲ್ಲಿ ಶಾಸ್ತ್ರೀಯ ಶಿಕ್ಷಣ ಪಡೆದವರು. ಡೇವಿಡ್ ತಮ್ಮ ಬರವಣಿಗೆಯಲ್ಲಿ ಮೂರು ಗುಣಗಳನ್ನು ಅರಸುತ್ತಿದ್ದುದಾಗಿ ಹೇಳಿಕೊಂಡಿರುವರು: ಕೇಳಿದವರು ನಂಬುವಂತಿರುವುದು, ಸರಳವಾಗಿರುವುದು, ಮನಸ್ಸನ್ನು ತಟ್ಟುವುದು. ಆಲಂಕಾರಿಕರ ಪ್ರಸಾದಗುಣಕ್ಕೆ ಇವು ಬಹು ಸಮೀಪವಾದುವು. ಒಮ್ಮೆ ಕಿವಿಗೆ ಬಿದ್ದು ಹೋಗುವ ಮಾತು ಒಮ್ಮೆಗೇ ತಿಳಿಯದಿದ್ದರೆ, ಓದುಗನಂತೆ ಪುಟವನ್ನು ಹಿಂದಿರುಗಿಸಿ ನೋಡುವ ಅವಕಾಶವು ಕೇಳುವವನಿಗೆ ಇಲ್ಲ.

ಮಾತು ಮೊದಲೋ ಧಾತು ಮೊದಲೋ ಎಂಬ ಪ್ರಶ್ನೆಗೆ ಇವರಲ್ಲಿ ಒಂದೇ ಉತ್ತರವಿರಲಿಲ್ಲ. ೧೯೬೬ರ ‘ಆಲ್ಫೀ’ ಎಂಬ ಚಲನಚಿತ್ರದ ಗೀತೆಯಲ್ಲಿ ಮಾತು ಮೊದಲಾಯಿತು. ಏಕೆಂದರೆ ಆ ಚಿತ್ರದ ತಾತ್ಪರ್ಯವನ್ನೇ ಹಾಡು ಹೇಳಬೇಕಾಗಿದ್ದಿತು. ಗೀತೆಯುದ್ದಕ್ಕೂ ಒಬ್ಬನನ್ನು ಉದ್ದೇಶಿಸಿ ಪ್ರಶ್ನೆಗಳು ಸಾಗುತ್ತವೆ. ಪ್ರಶ್ನಿಸುವ ಧ್ವನಿಯ ಏರಿಳಿತವನ್ನು, ಶಾಸ್ತ್ರವು ‘ಕಾಕು’ ಎಂದು ಕರೆಯುವುದನ್ನು, ಧಾತುಕಾರನು ಸ್ವರಕ್ಕೆ ಇಳಿಸಿರುವನು. ಪದ್ಯವು ಸಮನಾದ ಪಾದಗಳಲ್ಲಿ ನಡೆಯದಿರುವುದರಿಂದ ಮಟ್ಟೂ ಸಮನಾಗಿ ನಡೆಯುವುದಿಲ್ಲ.

೧೯೬೩ರ ‘ಎನಿವನ್ ಹೂ ಹ್ಯಾಡ್ ಎ ಹಾರ್ಟ್’ ಎಂಬ ಗೀತೆಯಲ್ಲಿ ಮಟ್ಟೇ ಮುಂದೆ ನಡೆದು ಮಾತು ಅದನ್ನು ಹಿಂಬಾಲಿಸಬೇಕಾಯಿತು. ಅದರ ನಡೆಯು ನಾಲ್ಕು, ಐದು, ಏಳು ಎಣಿಕೆಗಳ ನಡುವೆ ಹೊರಳುತ್ತದೆ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ, ಚತುರಶ್ರದಲ್ಲಿ ಹೊರಟುದು ಮುನ್ಸೂಚನೆಯಿಲ್ಲದೆ ಖಂಡಕ್ಕೂ ಮಿಶ್ರಕ್ಕೂ ಸರಿಯುತ್ತದೆ. ಹೃದಯದ ತಳಮಳವನ್ನು ಹೇಳುವ ಹಾಡಿಗೆ ಇದು ಉಚಿತವೇ. ಆದರೆ ಮಾತುಕಾರನಿಗೆ ಇಲ್ಲೊಂದು ಸಂಕಟವೊದಗಿತು. ಇಂಗ್ಲಿಷಿನ ಪದ್ಯದಲ್ಲಿ ಗುರುಲಘುಗಳಿಗಿಂತ ಸ್ವರಾಘಾತವೇ ಪ್ರಧಾನ. ಅರ್ಥವುಳ್ಳ ಪದಗಳು ಆಘಾತವನ್ನು ಹೊರುತ್ತವೆ, ವಿಭಕ್ತಿಸ್ಥಾನದಲ್ಲಿ ನಿಲ್ಲುವ ಸಣ್ಣ ಅವ್ಯಯಗಳು ಹೊರುವುದಿಲ್ಲ. ಈ ಗೀತೆಯ ಒಂದೆಡೆಯಲ್ಲಿ ಮಟ್ಟಿನ ಒತ್ತು ಅಂಥ ಒಂದು ಅವ್ಯಯದ ಮೇಲೆಯೇ ಬಿದ್ದಿತು. ಅಲ್ಲಿ ಅರ್ಥವುಳ್ಳ ಪದವನ್ನು ತರಲು ಡೇವಿಡ್ ಬಹಳವಾಗಿ ಯತ್ನಿಸಿ, ಸಾಧ್ಯವಾಗದೆ, ಮನಸ್ಸಿಲ್ಲದೆ ಹಾಗೆಯೇ ಬಿಟ್ಟುಕೊಟ್ಟುದಾಗಿ ಹೇಳಿರುವರು. ಕನ್ನಡದಲ್ಲಿ ಲಘುವಿನ ಮೇಲೆ ದೀರ್ಘವಾದ ಕಾರ್ವೆ ಬಿದ್ದಾಗ, ಇಲ್ಲವೆ ಪದದ ನಡುವೆ ಆವರ್ತ ಮುಗಿದು ಪದವು ಎರಡಾಗಿ ಒಡೆದಾಗ, ಪಂಡಿತನ ಕಿವಿಗೆ ಆಗುವ ನೋವು ಇಂಥದೇ. ವಿಶೇಷವೇನೆಂದರೆ, ಕೇಳುವವರಿಗೆ ಆ ದೋಷವು ದೋಷವಾಗಿ ತೋರಲಿಲ್ಲ. ಸ್ವರವು ಏರಿ ನಿಂತ ಆ ಎಡೆಯಲ್ಲಿ ಅವ್ಯಯವೂ ನಿಟ್ಟುಸಿರಿನಂತೆ ಕೇಳಿಸಿತು. ಬರೆದ ಪುಟದಲ್ಲಿ ದೋಷವಾದುದು ಹಾಡಿನಲ್ಲಿ ದೋಷವಾಗಲೇಬೇಕೆಂಬ ನಿಯಮವಿಲ್ಲವೆಂಬುದಕ್ಕೆ ಇದು ಸಾಕ್ಷಿ.

ಹೀಗೆಂದು ಮಾತುಕಾರನ ಕೆಲಸವು ಹಗುರವೆಂದು ತಿಳಿಯಬಾರದು. ೧೯೬೫ರಲ್ಲಿ ಹೊರಬಂದ ‘ವಾಟ್ ದಿ ವರ್ಲ್ಡ್ ನೀಡ್ಸ್ ನೌ ಈಸ್ ಲವ್’ ಎಂಬ ಗೀತೆಯ ಪಲ್ಲವಿಯು ಡೇವಿಡ್‌ಗೆ ಬೇಗನೆ ಹೊಳೆದಿದ್ದರೂ ಚರಣವು ಬಹುಕಾಲ ಕೈಗೆ ಹತ್ತಲಿಲ್ಲ. ಲೋಕಕ್ಕೆ ಬೇಡವಾದ ವಸ್ತುಗಳನ್ನು ಹೆಸರಿಸುವುದು ಚರಣದ ಕ್ರಮ. ಮೊದಲು ಅವರು ಮನುಷ್ಯನು ಮಾಡಿದ ವಿಮಾನಾದಿ ವಸ್ತುಗಳನ್ನು ಹೆಸರಿಸಿ ನೋಡಿದರು. ಏನೋ ಕೊರತೆಯೆನಿಸಿ ಬಿಟ್ಟರು. ಕಡೆಗೆ, ಭೂಮಿಯಲ್ಲಿ ಈಗಾಗಲೇ ಸಾಕಷ್ಟಿರುವ ಬೆಟ್ಟ ಮೊದಲಾದ ಪ್ರಾಕೃತಿಕ ವಸ್ತುಗಳನ್ನು ಹೆಸರಿಸಿ, ಮಾತನ್ನು ದೇವರಿಗೆ ಒಪ್ಪಿಸಿದರೆ ಹಾಡು ನಿಲ್ಲುವುದೆಂದು ಹೊಳೆಯಿತು. ಮನುಷ್ಯನ ಯಂತ್ರಗಳನ್ನು ಹಳಿದರೆ ಅದು ಖಂಡನೆಯಾಗುತ್ತಿತ್ತು. ದೇವರ ಸೃಷ್ಟಿಯು ತುಂಬಿದೆಯೆಂದಾಗ ಪ್ರಾರ್ಥನೆಯಾಯಿತು. ಕುಟ್ಟಿಕಾರನೆಂದು ಶಾಸ್ತ್ರವು ಬೇರೆ ಇಟ್ಟವನ ಶ್ರಮವು ಇಷ್ಟು ಸೂಕ್ಷ್ಮವಾದುದು.

೨

ಇನ್ನು ಮೂರನೆಯ ಪಾಲಿನ ವಿಚಾರ. ಡಯೋನ್ ವಾರ್ವಿಕ್ ೧೯೪೦ರಲ್ಲಿ ನ್ಯೂಜೆರ್ಸಿ ಪ್ರಾಂತದ ಈಸ್ಟ್ ಆರೆಂಜಿನಲ್ಲಿ ಹುಟ್ಟಿದವರು. ಅವರ ಮನೆತನವು ನೀಗ್ರೋ ಕ್ರೈಸ್ತರ ಭಕ್ತಿಸಂಗೀತಕ್ಕೆ, ಎಂದರೆ ‘ಗಾಸ್ಪೆಲ್’ ಗಾಯನಕ್ಕೆ, ಹೆಸರಾದುದು. ಮುಂದೆ ಹಾರ್ಟ್‌ಫರ್ಡ್ ನಗರದ ಸಂಗೀತ ವಿದ್ಯಾಲಯದಲ್ಲಿ ವ್ಯಾಸಂಗ ಮಾಡಿ ಸ್ವರಲಿಪಿಯನ್ನು ಓದಬಲ್ಲವರಾದರು. ೧೯೬೧ರಲ್ಲಿ ‘ಡ್ರಿಫ್ಟರ್ಸ್’ ಎಂಬ ಗಾಯಕತಂಡದ ಧ್ವನಿಮುದ್ರಣಕ್ಕೆ ಹಿನ್ನೆಲೆಯ ದನಿಗೂಡಿಸಲು ಬಂದಾಗ ಬಾಖರಾಖ್ ಅವರ ಕಣ್ಣಿಗೆ ಬಿದ್ದರು. ಅಲ್ಲಿಂದ ಮುಂದೆ, ಹೊಸ ಗೀತೆಗಳನ್ನು ಪ್ರಕಾಶಕರಿಗೂ ಗಾಯಕರಿಗೂ ತೋರಿಸುವ ಸಲುವಾಗಿ ಮಾದರಿಯಾಗಿ ಹಾಡಿಡುವ ಕೆಲಸವು ಅವರಿಗೆ ದೊರೆಯಿತು.

ಹೀಗೆ ಮಾದರಿಯಾಗಿ ಹಾಡಿದ ಒಂದು ಗೀತೆಯನ್ನು ವಾರ್ವಿಕ್ ತಮ್ಮದೆಂದೇ ಭಾವಿಸಿದ್ದರು. ಅದನ್ನು ಜೆರ್ರಿ ಬಟ್ಲರ್ ಎಂಬ ಮತ್ತೊಬ್ಬ ಗಾಯಕರಿಗೆ ಕೊಟ್ಟುದು ತಿಳಿದಾಗ ಸಿಟ್ಟಾದರು. ತಮ್ಮನ್ನು ಬೇರೊಂದು ರೂಪಕ್ಕೆ ತಿದ್ದಲೆಳಸಬೇಡಿರೆಂಬ ಅರ್ಥದ ಆಡುಮಾತೊಂದನ್ನು ಗೀತಕಾರರಿಬ್ಬರ ಮುಂದೆ ಆಡಿ ಹೊರಟುಹೋದರು. ಡೇವಿಡ್ ಆ ಮಾತನ್ನೇ ಹಿಡಿದು ‘ಡೋಂಟ್ ಮೇಕ್ ಮಿ ಓವರ್’ ಎಂಬ ಗೀತೆಯನ್ನು ಕಟ್ಟಿದರು. ೧೯೬೨ರಲ್ಲಿ ವಾರ್ವಿಕ್ ಹೆಸರಿನಲ್ಲಿ ಬಂದ ಮೊದಲ ತಟ್ಟೆ ಅದೇ. ಗಾಯಕಿಯ ಕೋಪವು ಮಾತಿಗೆ ಬೀಜವಾದ ಈ ಸಂದರ್ಭದಲ್ಲಿ, ಮಾತು ಯಾರದೆಂದು ಕೇಳಿದರೆ ಒಂದೇ ಹೆಸರಿನಿಂದ ಉತ್ತರ ಹೇಳಲಾಗದು. ಪರಚಿತ್ತಪರಿಜ್ಞಾನವೆಂದು ಶಾರ್ಙ್ಗದೇವನು ಹೇಳಿದ ಗುಣದ ಪ್ರಯೋಜನವು ಇಲ್ಲಿದೆ. ಒಬ್ಬನೇ ಮೂರು ಕೆಲಸಗಳನ್ನೂ ಮಾಡುವಾಗ ಅವನಿಗೆ ಶ್ರೋತೃವಿನ ಚಿತ್ತವನ್ನರಿತರೆ ಸಾಕು. ಮೂವರು ಸೇರಿ ಮಾಡುವಾಗ ಒಬ್ಬರ ಚಿತ್ತವನ್ನು ಮತ್ತೊಬ್ಬರು ಅರಿಯದಿದ್ದರೆ ಹಾಡೇ ಹುಟ್ಟಲಾರದು.

ಧಾತುವಿನಲ್ಲಿಯೂ ಗಾಯಕಿಯ ಪಾಲುಂಟು. ಬಾಖರಾಖ್ ಅವರ ಮಟ್ಟುಗಳಲ್ಲಿ ಸ್ವರವು ದೂರದೂರಕ್ಕೆ ನೆಗೆಯುತ್ತದೆ, ಎಣಿಕೆಯು ನಡುವೆ ಬದಲಾಗುತ್ತದೆ. ಸಾಮಾನ್ಯ ಗಾಯಕರು ಇಂಥಲ್ಲಿ ಎಡವುವರು. ದೇವಾಲಯದ ಭಕ್ತಿಗಾನದಿಂದ ಬಂದ ಸ್ಥಾಯಿವಿಸ್ತಾರವೂ ವಿದ್ಯಾಲಯದಿಂದ ಬಂದ ಸ್ವರಜ್ಞಾನವೂ ವಾರ್ವಿಕ್ ಅವರಲ್ಲಿ ಕೂಡಿದ್ದುದರಿಂದ, ಇವರ ಶಾರೀರಕ್ಕೆ ಏನು ಸಾಧ್ಯವೆಂದು ಕಂಡಂತೆಲ್ಲ ಧಾತುಕಾರನ ಧೈರ್ಯವೂ ಬೆಳೆಯಿತು. ೧೯೬೪ರ ‘ವಾಕ್ ಆನ್ ಬೈ’ ಎಂಬ ಗೀತೆಯಲ್ಲಿ ತೊರೆದುಹೋದ ಪ್ರಿಯನನ್ನು ಬೀದಿಯಲ್ಲಿ ಕಂಡವಳ ದುಃಖವಿದೆ. ವಾರ್ವಿಕ್ ಅದನ್ನು ಅತ್ತು ಹಾಡಲಿಲ್ಲ. ಅಳುವನ್ನು ಅಡಗಿಸಿದವಳ ದನಿಯಲ್ಲಿ ಹಾಡಿದರು. ಸ್ಥಾಯಿಭಾವವನ್ನು ಹೊರಚೆಲ್ಲದೆ ವ್ಯಂಜಿಸುವುದೆಂದು ಆಲಂಕಾರಿಕರು ಹೇಳುವುದು ಇದನ್ನೇ. ಇಷ್ಟಾದರೂ ಆ ಗೀತೆಯನ್ನು ತಟ್ಟೆಯ ಹಿಂಬದಿಗೆ ಹಾಕಲಾಗಿತ್ತು. ಆಕಾಶವಾಣಿಯ ನಿರೂಪಕರೊಬ್ಬರು ತಟ್ಟೆಯನ್ನು ಮಗುಚಿ ನುಡಿಸಿದ ಮೇಲೆ ಅದು ಪ್ರಸಿದ್ಧಿಗೆ ಬಂದಿತು.

ಮೂವರ ನಡುವೆ ಅಭಿಪ್ರಾಯಭೇದಗಳೂ ಇದ್ದುವು. ಮೇಲೆ ಹೇಳಿದ ಪ್ರಾರ್ಥನಾರೂಪದ ಗೀತೆಯನ್ನು ವಾರ್ವಿಕ್ ಒಪ್ಪಲಿಲ್ಲ. ಅದನ್ನು ಜ್ಯಾಕೀ ಡಿಷ್ಯಾನನ್ ಹಾಡಿ ಕೀರ್ತಿ ಪಡೆದರು. ೧೯೬೮ರ ‘ಡು ಯು ನೋ ದಿ ವೇ ಟು ಸ್ಯಾನ್ ಹೊಸೆ’ ಎಂಬುದರ ಮಾತು ತಮಗೆ ಹಿಡಿಸದಿದ್ದರೂ ಹಾಡಿದರು; ಅವರಿಗೆ ಮೊದಲನೆಯ ಗ್ರ್ಯಾಮಿ ಪ್ರಶಸ್ತಿಯನ್ನು ತಂದುದು ಅದೇ. ೧೯೬೭ರ ‘ಐ ಸೇ ಎ ಲಿಟ್ಲ್ ಪ್ರೇಯರ್’ ಎಂಬುದರ ಮುದ್ರಣದಲ್ಲಿ ಕಾಲಪ್ರಮಾಣವು ಅತಿ ದ್ರುತವಾಯಿತೆಂದು ಬಾಖರಾಖ್ ಅಸಮಾಧಾನಪಟ್ಟರು. ಜನರು ಅದನ್ನು ಮೆಚ್ಚಿದರು. ಮರುವರ್ಷ ಅರೀಥಾ ಫ್ರ್ಯಾಂಕ್ಲಿನ್ ಬೇರೆ ರೀತಿಯಲ್ಲಿ ಹಾಡಿದುದನ್ನು ಕೇಳಿ, ಅದೇ ಮೇಲೆಂದು ಧಾತುಕಾರರು ಒಪ್ಪಿಕೊಂಡರು. ಇದರಿಂದ, ಕೃತಿಯ ಪೂರ್ಣಸ್ವರೂಪವು ಅದನ್ನು ಕಟ್ಟಿದವನಿಗೂ ಮುಂದಾಗಿ ತಿಳಿದಿರುವುದಿಲ್ಲವೆಂಬುದು ಸಿದ್ಧವಾಗುತ್ತದೆ.

೩

ಇಲ್ಲಿ ಒಂದು ಆಕ್ಷೇಪವು ಬರಬಹುದು. ನಾಟಕವನ್ನು ನಟನು ಆಡಿದ ಮಾತ್ರಕ್ಕೆ ಅವನು ಕವಿಯಾಗುವನೇ? ಅದರಂತೆ ಗಾಯಕನು ಸಿದ್ಧವಾದ ಗೀತೆಯನ್ನು ಪ್ರಕಟಪಡಿಸುವವನಷ್ಟೆ. ಕರ್ತೃತ್ವವು ಅವನಿಗೆ ಹೇಗೆ ಸಲ್ಲುವುದು?

ಈ ಆಕ್ಷೇಪಕ್ಕೆ ಇವರದೇ ಮತ್ತೊಂದು ಗೀತೆಯು ಸಮಾಧಾನ ಹೇಳುತ್ತದೆ. ‘ಕ್ಲೋಸ್ ಟು ಯು’ ಎಂದು ಪ್ರಸಿದ್ಧವಾದ ಗೀತೆಯನ್ನು ೧೯೬೩ರಲ್ಲಿ ರಿಚರ್ಡ್ ಚೇಂಬರ್ಲೇನ್ ಎಂಬ ನಟರು ಮೊದಲು ಹಾಡಿದರು; ಅದು ಯಾರ ಗಮನಕ್ಕೂ ಬಾರದೆ ಹೋಯಿತು. ೧೯೬೪ರಲ್ಲಿ ವಾರ್ವಿಕ್ ಹಾಡಿದಾಗಲೂ ಅದು ಬಹುವಾಗಿ ಹಬ್ಬಲಿಲ್ಲ. ೧೯೭೦ರಲ್ಲಿ ಕ್ಯಾರೆನ್ ಕಾರ್ಪೆಂಟರ್ ತಮ್ಮ ಮಂದ್ರಗಂಭೀರವಾದ ದನಿಯಲ್ಲಿ, ಅಣ್ಣ ರಿಚರ್ಡ್ ಕಾರ್ಪೆಂಟರ್ ಮಾಡಿದ ಹೊಸ ವಾದ್ಯವಿನ್ಯಾಸದೊಡನೆ ಹಾಡಿದಾಗ, ಅದೇ ಗೀತೆಯು ಅಮೆರಿಕದ ಜನಪ್ರಿಯಗೀತೆಗಳ ಪಟ್ಟಿಯಲ್ಲಿ ನಾಲ್ಕು ವಾರಗಳ ಕಾಲ ಮೊದಲ ಸ್ಥಾನದಲ್ಲಿ ನಿಂತಿತು. ಮಾತು ಅದೇ, ಧಾತು ಅದೇ. ಶಾರೀರವೂ ಕಾಲಪ್ರಮಾಣವೂ ವಾದ್ಯಗಳ ಹೊದಿಕೆಯೂ ಬೇರೆ. ಕಾರಣವು ಒಂದೇ ಆಗಿದ್ದು ಕಾರ್ಯವು ಬೇರೆಯಾಗದು. ಆದಕಾರಣ ಮಾತುಧಾತುಗಳೆರಡೇ ಹಾಡಿಗೆ ಪೂರ್ಣಕಾರಣವಲ್ಲ.

ಇದರ ವಿಪರ್ಯಾಸವನ್ನೂ ನೋಡಬೇಕು. ‘ಎನಿವನ್ ಹೂ ಹ್ಯಾಡ್ ಎ ಹಾರ್ಟ್’ ಗೀತೆಯನ್ನು ಇಂಗ್ಲೆಂಡಿನಲ್ಲಿ ಸಿಲ್ಲಾ ಬ್ಲ್ಯಾಕ್ ಹಾಡಿ, ೧೯೬೪ರಲ್ಲಿ ಆ ದೇಶದ ಪಟ್ಟಿಯ ಮೊದಲ ಸ್ಥಾನಕ್ಕೆ ಏರಿಸಿದರು. ಅದು ತಮ್ಮ ಗಾಯನದ ಅನುಕರಣವೆಂದು ವಾರ್ವಿಕ್ ನೊಂದುಕೊಂಡರು. ಆದರೆ ನೊಂದುಕೊಳ್ಳುವುದರ ಹೊರತು ಅವರಿಗೆ ಬೇರೆ ದಾರಿ ಇರಲಿಲ್ಲ. ತಟ್ಟೆಯ ನಡುವಣ ಚೀಟಿಯಲ್ಲಿ ಕರ್ತೃಗಳೆಂದು ಅಚ್ಚಾಗಿದ್ದುದು ಬಾಖರಾಖ್ ಮತ್ತು ಡೇವಿಡ್ ಎಂಬ ಎರಡು ಹೆಸರುಗಳು ಮಾತ್ರ. ಅಮೆರಿಕದ ಕಾನೂನಿನಲ್ಲಿ ಇಂದಿಗೂ ಸಾಮಾನ್ಯ ರೇಡಿಯೋ ಕೇಂದ್ರಗಳು ಹಾಡನ್ನು ಪ್ರಸಾರಮಾಡಿದರೆ ಗೀತಕಾರರಿಗೆ ಸಂಭಾವನೆ ಸಲ್ಲುತ್ತದೆ, ಗಾಯಕರಿಗೆ ಸಲ್ಲುವುದಿಲ್ಲ.

ಮೂವರ ಮೈತ್ರಿಯೂ ಕಡೆತನಕ ನಿಲ್ಲಲಿಲ್ಲ. ೧೯೭೩ರ ‘ಲಾಸ್ಟ್ ಹೊರೈಜನ್’ ಎಂಬ ಚಲನಚಿತ್ರವು ಸೋತ ಬಳಿಕ ಮಾತುಕಾರನೂ ಧಾತುಕಾರನೂ ದೂರವಾದರು. ಒಪ್ಪಂದದಂತೆ ತಮಗೆ ಗೀತೆಗಳನ್ನು ಒದಗಿಸಲಿಲ್ಲವೆಂದು ವಾರ್ವಿಕ್ ನ್ಯಾಯಾಲಯಕ್ಕೆ ಹೋದರು, ೧೯೭೯ರಲ್ಲಿ ರಾಜಿಯಾಯಿತು. ರೋಷದ್ವೇಷಗಳ ಪರಿತ್ಯಾಗವನ್ನು ಶಾಸ್ತ್ರವು ಏಕೆ ಲಕ್ಷಣದೊಳಗೆ ಸೇರಿಸಿತೆಂಬುದು ಇಲ್ಲಿ ತಿಳಿಯುತ್ತದೆ. ಬೇರೆಯಾದ ಮೇಲೆ ಮೂವರೂ ತಮ್ಮತಮ್ಮ ವಿದ್ಯೆಯನ್ನು ಕಳೆದುಕೊಳ್ಳಲಿಲ್ಲ. ಒಬ್ಬೊಬ್ಬರಿಗೂ ಮುಂದೆ ಯಶಸ್ಸು ಬಂದಿತು. ಆದರೆ ೧೯೬೨ರಿಂದ ಹತ್ತು ವರ್ಷಗಳಲ್ಲಿ ಮೂವರೂ ಕೂಡಿ ಮಾಡಿದ ಬಗೆಯ ಹಾಡುಗಳ ಸಾಲು ಮತ್ತೆ ಬರಲಿಲ್ಲ. ೨೦೧೨ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವಾದ ಲೈಬ್ರರಿ ಆಫ್ ಕಾಂಗ್ರೆಸ್ ಜನಪ್ರಿಯಗೀತೆಗಾಗಿ ಕೊಡುವ ಗರ್ಶ್ವಿನ್ ಪುರಸ್ಕಾರವನ್ನು ಬಾಖರಾಖ್ ಮತ್ತು ಡೇವಿಡ್ ಇಬ್ಬರಿಗೂ ಜಂಟಿಯಾಗಿ ಕೊಟ್ಟಿತು.

೪

ಕರ್ತೃತ್ವದ ಈ ಪ್ರಶ್ನೆಯು ಭಾರತದಲ್ಲಿಯೂ ನ್ಯಾಯಾಲಯವನ್ನು ಮುಟ್ಟಿದೆ. ೧೯೫೭ರ ಕೃತಿಸ್ವಾಮ್ಯದ ಕಾನೂನು ಮೊದಲಲ್ಲಿ ಬರಹಕ್ಕಿಳಿದ ಧಾತುವನ್ನು ಮಾತ್ರ ಸಂಗೀತಕೃತಿಯೆಂದು ಗಣಿಸುತ್ತಿತ್ತು. ೧೯೭೭ರಲ್ಲಿ ಚಲನಚಿತ್ರಗೀತೆಗಳ ಸ್ವಾಮ್ಯವನ್ನು ಕುರಿತ ಮೊಕದ್ದಮೆಯೊಂದರಲ್ಲಿ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್, ಗಾಯಕನಿಗೆ ಕಾನೂನಿನಲ್ಲಿ ಸ್ಥಾನವಿಲ್ಲದಿರುವುದನ್ನು ಎತ್ತಿ ತೋರಿಸಿ, ಸಂಸತ್ತು ಆಲೋಚಿಸಬೇಕೆಂದು ಸೂಚಿಸಿದರು. ೧೯೯೪ರ ತಿದ್ದುಪಡಿಯು ಪ್ರಯೋಗಕಾರರಿಗೆ, ಎಂದರೆ ಗಾಯಕ ವಾದಕ ನಟಾದಿಗಳಿಗೆ, ಹಕ್ಕನ್ನು ಒದಗಿಸಿತು. ಸಂಗೀತಕೃತಿಯೆಂದರೆ ಮಾತನ್ನು ಬಿಟ್ಟು ಉಳಿದ ಗೇಯಭಾಗವೆಂದು ಲಕ್ಷಣವನ್ನೂ ಬದಲಿಸಿತು. ೨೦೧೨ರ ತಿದ್ದುಪಡಿಯಿಂದ ಚಿತ್ರಗೀತೆಯ ಮಾತುಕಾರ, ಧಾತುಕಾರ, ಗಾಯಕ ಈ ಮೂವರಿಗೂ ಗೌರವಧನದ ಹಕ್ಕು ದೊರೆಯಿತು. ಮಾತು, ಧಾತು, ಶಾರೀರ ಎಂಬ ಶಾಸ್ತ್ರದ ವಿಭಾಗವೇ ಹೀಗೆ ಶಾಸನದ ವಿಭಾಗವೂ ಆಗಿ ಬಂದಿದೆ.

ಕನ್ನಡದಲ್ಲಿ ಈ ವಿಚಾರವು ಅಪರಿಚಿತವೇನಲ್ಲ. ಹರಿದಾಸರ ಪದಗಳ ಮೂಲಧಾತು ಬಹುಮಟ್ಟಿಗೆ ಲುಪ್ತವಾಗಿ, ಒಂದೇ ಪದವನ್ನು ಬೇರೆಬೇರೆ ಗಾಯಕರು ಬೇರೆಬೇರೆ ರಾಗಗಳಲ್ಲಿ ಹಾಡುತ್ತಿರುವುದನ್ನು ಎಲ್ಲರೂ ಬಲ್ಲರು. ಮಹಾವಾಗ್ಗೇಯಕಾರರ ಕೃತಿಯೇ ಕಾಲಗತಿಯಲ್ಲಿ ಹಲವರ ಕೃತಿಯಾದುದಕ್ಕೆ ಇದು ಉದಾಹರಣೆ. ೧೯೬೭ರ ‘ಬೆಳ್ಳಿಮೋಡ’ ಚಲನಚಿತ್ರದಲ್ಲಿ ಬೇಂದ್ರೆಯವರ ಬೆಳಗಿನ ಕವಿತೆಗೆ ವಿಜಯಭಾಸ್ಕರ್ ಧಾತುವನ್ನು ಕೂಡಿಸಿ, ಎಸ್. ಜಾನಕಿ ಹಾಡಿದರು. ಅಂದಿನಿಂದ ಆ ಕವಿತೆಯನ್ನು ಓದುವವರ ಕಿವಿಯಲ್ಲಿಯೂ ಆ ಮಟ್ಟೇ ಮೊಳಗುತ್ತದೆ. ಕುವೆಂಪು ಅವರ ಕವಿತೆಯು ೨೦೦೪ರಲ್ಲಿ ನಾಡಗೀತೆಯಾದ ಮೇಲೆ, ಅದನ್ನು ಯಾರ ಧಾಟಿಯಲ್ಲಿ ಹಾಡಬೇಕೆಂಬ ವಿವಾದವು ವರ್ಷಗಟ್ಟಲೆ ನಡೆಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ೨ ನಿಮಿಷ ೩೦ ಸೆಕೆಂಡುಗಳಲ್ಲಿ ಹಾಡಬೇಕೆಂದು ಸರ್ಕಾರದ ಆದೇಶವಾಯಿತು. ಮಾತಿನ ವಿಷಯದಲ್ಲಿ ಎಲ್ಲರೂ ಒಪ್ಪಿದ್ದರೂ ಧಾತುವಿನ ವಿಷಯದಲ್ಲಿ ಇಷ್ಟು ವಾದ ನಡೆದುದರಿಂದಲೇ, ಧಾತುವು ಮಾತಿಗೆ ತೊಡಿಸಿದ ಆಭರಣಮಾತ್ರವಲ್ಲವೆಂಬುದು ವ್ಯಕ್ತವಾಗುತ್ತದೆ.

ಇದರಿಂದ ಸಾಹಿತ್ಯದ ಉಪಾಧ್ಯಾಯರಿಗೂ ಸಂಪಾದಕರಿಗೂ ಒಂದು ಕರ್ತವ್ಯವು ಒದಗುತ್ತದೆ. ಹಾಡಿನ ಮಾತನ್ನು ಅಚ್ಚಿನ ಪುಟದಲ್ಲಿಟ್ಟು, ಅಲ್ಲಿ ಪುನರುಕ್ತಿಯಿದೆ, ಇಲ್ಲಿ ಪದವು ದುರ್ಬಲವಾಗಿದೆ, ಆದುದರಿಂದ ಇದು ಕಾವ್ಯವಲ್ಲವೆಂದು ತೀರ್ಪು ಹೇಳುವುದು ವಿಹಿತವಲ್ಲ. ಪುನರುಕ್ತಿಯು ಪಲ್ಲವಿಯ ಧರ್ಮವಾಗಿರಬಹುದು. ದುರ್ಬಲವೆಂದು ತೋರಿದ ಪದವನ್ನು ಸ್ವರವು ಎತ್ತಿ ನಿಲ್ಲಿಸಿರಬಹುದು. ಅದರಂತೆಯೇ, ಕವಿತೆಯು ಹಾಡಾಗಿ ಪ್ರಸಿದ್ಧವಾಯಿತೆಂದು ಅದರ ಕೀರ್ತಿಯೆಲ್ಲವನ್ನೂ ಮಾತಿಗೇ ಸಲ್ಲಿಸುವುದೂ ನ್ಯಾಯವಲ್ಲ. ಗೀತೆಗಳನ್ನು ಸಂಕಲಿಸುವಾಗ 

ಮಾತು ಯಾರದು, ಧಾತು ಯಾರದು, ಮೊದಲು ಹಾಡಿದವರು ಯಾರು, ಯಾವ ವರ್ಷದಲ್ಲಿ ಎಂಬಿಷ್ಟನ್ನಾದರೂ ಬರೆದಿಡಬೇಕು. ಹಾಡಿದ ಪಾಠವು ಅಚ್ಚಾದ ಪಾಠಕ್ಕಿಂತ ಭಿನ್ನವಾಗಿದ್ದರೆ ಅದನ್ನೂ ಪಾಠಾಂತರವೆಂದು ಗುರುತಿಸಬೇಕು. ಹಾಗೆ ಮಾಡದಿದ್ದಲ್ಲಿ, ಹರಿದಾಸರ ಧಾತು ನಮಗೆ ಲುಪ್ತವಾದಂತೆ ಈ ಕಾಲದ ಗಾಯಕರ ಪಾಲೂ ಮುಂದಿನವರಿಗೆ ಲುಪ್ತವಾಗುವುದು.

ಒಬ್ಬನೇ ಮೂರನ್ನೂ ಮಾಡಬಲ್ಲವನಿದ್ದರೆ ಅವನು ಉತ್ತಮನೆಂಬ ಶಾಸ್ತ್ರಕಾರನ ಮಾತಿಗೆ ಇದರಿಂದ ಬಾಧೆಯಿಲ್ಲ. ಉತ್ತಮನ ಲಕ್ಷಣಗಳು ಮೂವರಲ್ಲಿ ಹಂಚಿಹೋಗಿಯೂ ಕೃತಿಯು ಉತ್ತಮವಾಗಬಹುದು. ಒಬ್ಬರು ಮತ್ತೊಬ್ಬರ ಚಿತ್ತವನ್ನರಿತು ತಮ್ಮ ಪಾಲನ್ನು ಅದಕ್ಕೆ ಹೊಂದಿಸಿಕೊಳ್ಳಬೇಕೆಂಬುದೊಂದೇ ಅದಕ್ಕೆ ನಿಯಮ.